ಅಕ್ರೋಟು, ಇಟಲಿ, ವೇಲ್ಸ್

24 ಅಕ್ಟೋಬರ್ 2024, ಗುರುವಾರ
ಜ್ಯೂರಿಕ್

ಪುಟ್ಟಿ ಶಾಲೆಯಿಂದ ಬಂದವಳು ಬ್ಯಾಗ್ ಕೂಡ ಇಳಿಸದೆ ಕೇಳಿದಳು. "ಅಮ್ಮಾ, ನಾನು ಔಸ್‌ಲೆಂಡರಿನ್ ಅಂತೆ, ಹೌದಾ?" ಅಂದರೆ ಹೊರದೇಶದವಳು. ತರಗತಿಯ ಹುಡುಗನೊಬ್ಬ ಅಂದನಂತೆ. ಇವಳು ಹುಟ್ಟಿದ್ದು ಇದೇ ಊರಲ್ಲಿ. ಆದರೆ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ. ಕಾಗದದ ಲೆಕ್ಕದಲ್ಲಿ ಆ ಹುಡುಗ ಹೇಳಿದ್ದು ಸರಿ. ಎಂಟು ವರ್ಷದ ಮಗುವಿಗೆ ಅದನ್ನು ಹೇಗೆ ಹೇಳೋದು? ಹಾಲು ಕುಡಿದು ಆಡಲು ಓಡಿದಳು. ನನಗೆ ಮಾತ್ರ ಸಂಜೆವರೆಗೂ ಯಾವ ಕೆಲಸವೂ ಹತ್ತಲಿಲ್ಲ.

ಇವತ್ತು ಬಟ್ಟೆ ಒಗೆಯುವ ಸರದಿ ನಮ್ಮದು. ನೆಲಮಾಳಿಗೆಯಲ್ಲಿ ಮೇಲಿನ ಮನೆಯ ಪೋಲಿಷ್ ಅಜ್ಜಿ ಸಿಕ್ಕರು. 1981ರ ಡಿಸೆಂಬರಿನಲ್ಲಿ ಪೋಲೆಂಡಿಗೆ ಮಿಲಿಟರಿ ಆಡಳಿತ ಬಂದಮೇಲೆ ಇಲ್ಲಿಗೆ ಬಂದವರು. ಒಂದು ಚೀಲ ಅಕ್ರೋಟು ಕೈಗಿಟ್ಟರು. ಇಲ್ಲಿ ಅದಕ್ಕೆ ಬೌಮ್‌ನುಸ್, ಮರದ ಕಾಯಿ ಅಂತಾರೆ. "ನಮ್ಮಲ್ಲಿ ಓಝೆಖ್ ವ್ವೋಸ್ಕಿ, ಇಟಲಿಯ ಕಾಯಿ" ಅಂದರು ಅಜ್ಜಿ. ಪೋಲಿಷ್‌ನಲ್ಲಿ ಇಟಲಿಗೆ ಇಟಲಿ ಅನ್ನಲ್ಲ, ವ್ವೋಖಿ ಅಂತಾರಂತೆ. "ಯಾಕೋ ಏನೋ, ನಾನು ಯೋಚಿಸಿದ್ದೇ ಇಲ್ಲ."

ಎಂ.ಎ.ಯಲ್ಲಿ ಓದಿದ್ದು ಆಗ ನೆನಪಾಯಿತು. ಮಷೀನ್ ತಿರುಗುತ್ತಿತ್ತು, ನಾನು ಹೇಳುತ್ತಾ ಹೋದೆ.

ವೊಲ್ಕಾಯ್ ಅಂತ ಯೂರೋಪಿನ ಹಳೆಯ ಜನರಾದ ಕೆಲ್ಟರ ಒಂದು ಬುಡಕಟ್ಟು ಇತ್ತು. ರೋಮಿನ ಸೇನಾನಿ ಸೀಸರ್ ತನ್ನ ಯುದ್ಧದ ಬರಹದಲ್ಲಿ ಅವರ ಹೆಸರು ಹೇಳುತ್ತಾನೆ. ಪಕ್ಕದ ಜರ್ಮನಿಕ್ ಜನ, ಅಂದರೆ ಜರ್ಮನ್ನರ, ಇಂಗ್ಲಿಷರ ಪೂರ್ವಿಕರು, ಆ ಹೆಸರನ್ನೇ 'ವಲ್ಹ್' ಮಾಡಿಕೊಂಡರು ಅಂತ ಹೆಚ್ಚಿನ ಪಂಡಿತರು ನಂಬುತ್ತಾರೆ. ಮೊದಲು ಕೆಲ್ಟರಿಗೆಲ್ಲ ಆ ಹೆಸರು. ಆಮೇಲೆ ರೋಮನ್ನರಿಗೆ, ಲ್ಯಾಟಿನ್ ಬಗೆಯ ಮಾತಾಡುವ ಎಲ್ಲರಿಗೂ, ಅಂದರೆ ತಮ್ಮವರಲ್ಲದ ಆಚೆಯವರಿಗೆ. ಪೋಲಿಷರು, ರಷ್ಯನ್ನರು ಸೇರಿದ ಸ್ಲಾವ್ ಜನ ಅದನ್ನು ಜರ್ಮನಿಕ್ ಜನರಿಂದ ತಗೊಂಡರು. ಪೋಲಿಷರ ವ್ವೋಖಿ ಬಂದದ್ದು ಹೀಗೆ. ಹಂಗೇರಿಯವರು ಸ್ಲಾವರಿಂದ ತಗೊಂಡು ಇಟಲಿಯವರನ್ನು 'ಒಲಾಸ್' ಅಂದರು. ರೊಮೇನಿಯಾದ ದಕ್ಷಿಣ ಭಾಗ ವಲ್ಲಾಖಿಯಾ ಆಯಿತು. ಅಲ್ಲಿಯವರು ಮಾತ್ರ ತಮ್ಮ ನಾಡನ್ನು 'ತ್ಸಾರಾ ರೊಮನ್ಯಾಸ್ಕಾ', ರೊಮೇನಿಯನ್ನರ ನಾಡು ಅಂತಲೇ ಕರೆದುಕೊಂಡರು. ಬೆಲ್ಜಿಯಮ್ಮಿನ ವಲೋನಿಯಾದಲ್ಲೂ ಇದೇ ಪದ. ಇಲ್ಲಿ ಜ್ಯೂರಿಕ್‌ನವರು ಫ್ರೆಂಚ್ ಮಾತಾಡುವ ಸ್ವಿಸ್ಸರನ್ನು ಇವತ್ತಿಗೂ 'ವೆಲ್ಶ್' ಅಂತಾರೆ. ಒಂದೇ ದೇಶದವರು, ಒಂದೇ ಪಾಸ್‌ಪೋರ್ಟು!

"ಅಂದರೆ ನಮ್ಮ ವ್ವೋಖಿ ಅಂದ್ರೆ ಬೇರೆಯವರ ನಾಡಾ?" ಅಜ್ಜಿ ಒಗೆದ ಹೊದಿಕೆ ಮಡಚುವುದನ್ನೇ ನಿಲ್ಲಿಸಿದರು. ನಂತರ ಅವರೇ ಹೇಳಿದರು, ಪೋಲಿಷ್‌ನಲ್ಲಿ ಜರ್ಮನ್ನರು 'ನ್ಯೆಮ್ತ್ಸಿ', ಆ ಪದಕ್ಕೂ 'ಮೂಕ' ಅನ್ನುವ ಪದಕ್ಕೂ ನಂಟು. ನಮ್ಮ ಮಾತು ಬರದವನು ಮೂಕ! ಇಂಗ್ಲಿಷಿನ ವಾಲ್‌ನಟ್‌ನಲ್ಲೂ ಅದೇ 'ವಲ್ಹ್' ಇದೆ ಅಂದೆ. 'ನಮ್ಮ ಹೇಝಲ್‌ನಟ್ ಅಲ್ಲ, ಆಚೆಯವರ ಕಾಯಿ' ಅನ್ನೋ ಹಾಗೆ. ರಷ್ಯದವರಿಗೆ ಇದೇ ಅಕ್ರೋಟು ಗ್ರೀಕರ ಕಾಯಿ.

ನನ್ನನ್ನು ಇವತ್ತು ನಿಜಕ್ಕೂ ಕಲಕಿದ್ದು ವೇಲ್ಸ್. ಇಂಗ್ಲಿಷರ ಪೂರ್ವಿಕರಾದ ಆಂಗ್ಲೋ-ಸ್ಯಾಕ್ಸನ್ನರು ಸಮುದ್ರ ದಾಟಿ ಬಂದವರು. ಕೆಲ್ಟಿಕ್ ಮಾತಿನ ಹಳೆಯ ಬ್ರಿಟನ್ನರು ಮೊದಲಿಂದ ಅಲ್ಲೇ ಇದ್ದವರು. ಬಂದವರು ಇದ್ದವರನ್ನು 'ವೆಆಲ್ಹ್', ಪರಕೀಯರು ಅಂದರು. ವೇಲ್ಸ್, ಅಲ್ಲಿಯವರಿಗೆ ವೆಲ್ಶ್ ಅನ್ನೋ ಹೆಸರು ಬಂದದ್ದು ಅದರಿಂದಲೇ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಗುಲಾಮ ಅನ್ನೋ ಅರ್ಥವೂ ಬಂತು. 688ರಿಂದ 726ರವರೆಗೆ ದಕ್ಷಿಣ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯ ಆಳಿದ ಇನೆ ರಾಜನ ಕಾನೂನಿನಲ್ಲಿ ಜೀವಕ್ಕೆ ಬೆಲೆ ಕಟ್ಟಿದ್ದರು. ಇಂಗ್ಲಿಷ್ ರೈತನನ್ನು ಕೊಂದರೆ 200 ಶಿಲ್ಲಿಂಗ್ ಪರಿಹಾರ. ಒಂದು ಹೈಡ್, ಅಂದರೆ ಒಂದು ಕುಟುಂಬ ಬದುಕುವಷ್ಟು ಭೂಮಿ ಇರುವ ವೆಲ್ಶ್ ಮನುಷ್ಯನಿಗೆ 120. ಭೂಮಿ ಇಲ್ಲದವನಿಗೆ 60. ಬರೀ ಹೆಸರು ಅಂತ ಹೇಗೆ ಬಿಡೋದು?

ಆದರೆ ಆ ಜನ ತಮ್ಮನ್ನು 'ಕಮ್ರಿ' ಅಂತ ಕರೆದುಕೊಳ್ಳುತ್ತಾರೆ. ಒಂದೇ ನಾಡಿನವರು ಅಂತ ಅರ್ಥ. ಎಷ್ಟು ಚಂದ, ಅಲ್ವಾ? ಸಾವಿರ ವರ್ಷ ದಾಟಿದರೂ ಅದನ್ನು ಬಿಟ್ಟುಕೊಟ್ಟಿಲ್ಲ.

ಊಟಕ್ಕೆ ಸುಮ್ನೆ ಅನ್ನ ಸಾರು ಮಾಡಿದೆ. ಸೌಟು ಆಡಿಸುವಾಗ ಅಮ್ಮ ನೆನಪಾದರು. ಶಿವಮೊಗ್ಗದಿಂದ ಕುಂದಾಪುರಕ್ಕೆ ಸೊಸೆಯಾಗಿ ಬಂದವರು. ಎಷ್ಟೋ ವರ್ಷ ನಮ್ಮಜ್ಜಿಯ ಬಾಯಲ್ಲಿ 'ಘಟ್ಟದ್ ಮೇಲಿನವ್ಳು'. ಅವರು ಮಾಡುವ ಸಾರು ಕೂಡ 'ಘಟ್ಟದ ಸಾರು'. ಕೊನೆಕೊನೆಗೆ ಅಜ್ಜಿಗೆ ಜ್ವರ ಬಂದಾಗಲೆಲ್ಲ ಅದೇ ಸಾರು ಬೇಕಿತ್ತು, ಹೆಸರು ಮಾತ್ರ ಬದಲಾಗಲಿಲ್ಲ. ಅಮ್ಮ ಆಗೆಲ್ಲ ನಗುತ್ತಿದ್ದರು. ಒಂದು ಸಲ ಮಾತ್ರ ಹಿತ್ತಲಲ್ಲಿ ಅಪ್ಪನ ಹತ್ತಿರ ಏನೋ ಹೇಳುತ್ತಾ…