ಕ್ಯಾಂಡಿಯಲ್ಲಿ ಸಿಕ್ಕ ಮೈಸೂರಿನ ರಾಜ

ಕೊಲಂಬೊದಿಂದ ಕ್ಯಾಂಡಿಗೆ ಹೋಗುವ ರೈಲು. ಪಕ್ಕದಲ್ಲಿದ್ದ ಅಜ್ಜ ಹರಕು ಇಂಗ್ಲಿಷ್‌ನಲ್ಲಿ ಯಾವೂರು ಅಂತ ಕೇಳಿದರು. ಮೈಸೂರು ಅಂದೆ. "ಓ, ರಾಜನ ಊರು!" ಅಂದರು. ಒಡೆಯರ ಮಾತು ಅಂದುಕೊಂಡು ತಲೆಯಾಡಿಸಿದೆ. ಅವರು ಹೇಳಿದ್ದು ಆನೆಯ ವಿಷಯ.

ನಡುಂಗಮುವ ರಾಜ. 1953ರಲ್ಲಿ ಮೈಸೂರು ಕಡೆ ಹುಟ್ಟಿದವನು. ಒಬ್ಬ ಬೌದ್ಧ ಭಿಕ್ಷು ಮಹಾರಾಜರ ನೆಂಟರ ಕಾಯಿಲೆ ವಾಸಿ ಮಾಡಿದರಂತೆ, ಅದಕ್ಕೆ ಕಾಣಿಕೆಯಾಗಿ ಈ ಮರಿ ಹೋಯಿತಂತೆ. ಸಿಂಹಳದಲ್ಲಿ ದಂತವಿಲ್ಲದ ಆನೆ 'ಅಲಿಯಾ', ದಂತವಿದ್ದರೆ 'ಆ್ಯತಾ'. ಲಂಕೆಯ ಗಂಡಾನೆಗಳಲ್ಲಿ ದಂತ ಇರುವವು ತೀರಾ ಕಮ್ಮಿ. ಹಾಗಾಗಿ ನಮ್ಮ ಕಾಡಿನ ದಂತದ ಆನೆಗೆ ಅಲ್ಲಿ ಅಷ್ಟು ಬೆಲೆ. ಹತ್ತೂವರೆ ಅಡಿ ಎತ್ತರ ಬೆಳೆದ ಇವನು ಪ್ರತಿವರ್ಷ ಸುಮಾರು 90 ಕಿ.ಮೀ. ನಡೆದೇ ಕ್ಯಾಂಡಿಯ ಮೆರವಣಿಗೆಯಲ್ಲಿ ಪವಿತ್ರ ಪೆಟ್ಟಿಗೆ ಹೊರಲು ಬರುತ್ತಿದ್ದ, ಕೊನೆಯ ವರ್ಷಗಳಲ್ಲಿ ಬಂದೂಕು ಹಿಡಿದ ಸೈನಿಕರ ಕಾವಲಲ್ಲಿ. 2022ರ ಮಾರ್ಚ್ 7ರಂದು ತೀರಿಕೊಂಡ. "ಆವತ್ತು ನಮ್ಮನೇಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ," ಅಂದರು ಅಜ್ಜ. ನನಗೋ, ಅವನ ಹೆಸರೂ ಗೊತ್ತಿರಲಿಲ್ಲ!

ಬುದ್ಧನ ಹಲ್ಲನ್ನು ಇಟ್ಟಿರುವ ದಂತಧಾತು ಮಂದಿರದ ಆವರಣದಲ್ಲಿ ಇನ್ನೊಬ್ಬ ರಾಜ ಇದ್ದಾನೆ. 1988ರಲ್ಲಿ ಸತ್ತ ಹಳೆಯ ಆನೆ. ಚರ್ಮದೊಳಗೆ ಏನೇನೋ ತುಂಬಿ ಗಾಜಿನೊಳಗೆ ನಿಲ್ಲಿಸಿದ್ದಾರೆ. ನನಗೆ ಅಷ್ಟೇನೂ ಹಿಡಿಸಲಿಲ್ಲ.

ರಾತ್ರಿ ಎಸಳ ಪೆರಹೆರ, ಅಂದರೆ ಆ ಮಂದಿರದ ಮೆರವಣಿಗೆ. ಫುಟ್‌ಪಾತಿನ ಪ್ಲಾಸ್ಟಿಕ್ ಕುರ್ಚಿಗೆ ಯಾರೋ ಜಾಸ್ತಿ ದುಡ್ಡು ಕಿತ್ತರು, ಸುಮ್ನೆ ಕೊಟ್ಟು ಕೂತೆ. ಮೊದಲು ಚಾಟಿ ಬೀಸುವವರು, ಆಮೇಲೆ ಪಂಜು. ಪಂಜಿನಲ್ಲಿ ಉರಿಯುವುದು ಒಣಕೊಬ್ಬರಿ. ಇಡೀ ಬೀದಿಗೆ ಅಡುಗೆಮನೆ ವಾಸನೆ. ಡೋಲು, ಕುಣಿತ, ಮೈತುಂಬ ಬಲ್ಬಿನ ಜೂಲು ಹೊದ್ದ ಆನೆಗಳು. ನಮ್ಮ ಜಂಬೂಸವಾರಿ ನೋಡಿ ಬೆಳೆದವನಿಗೆ ಇದೆಲ್ಲ ಹೊಸದೇನಲ್ಲ, ಅಲ್ವಾ? ಆದರೆ ಗದ್ದಲ ತಟ್ಟನೆ ಇಳಿಯಿತು. ಎಲ್ಲರೂ ಎದ್ದು ಕೈಮುಗಿದರು. "ಸಾಧು, ಸಾಧು!"

ಕರಂಡ, ಅಂದರೆ ಆ ಪವಿತ್ರ ಪೆಟ್ಟಿಗೆ ಹೊತ್ತ ಆನೆ ಬಂತು. ಅದರೊಳಗೆ ಬುದ್ಧನ ನಿಜವಾದ ಹಲ್ಲು ಇರುವುದಿಲ್ಲ, ಅದು ಮಂದಿರ ಬಿಟ್ಟು ಹೊರಗೆ ಬರಲ್ಲ. ಆದರೂ ಆನೆಯ ಕಾಲು ಬರಿ ನೆಲಕ್ಕೆ ತಾಗಬಾರದು. ಮುಂದೆ ಹುಡುಗರು ಬಿಳಿಬಟ್ಟೆ ಹಾಸುತ್ತಾ ಹೋಗುತ್ತಾರೆ, ದಾಟಿದ ಕೂಡಲೇ ಹಿಂದಿನದನ್ನು ಸುತ್ತಿಕೊಂಡು ಮುಂದಕ್ಕೆ ಓಡುತ್ತಾರೆ. ಸಂಜೆ ಮಳೆ ಬಂದಿತ್ತು. ನನ್ನೆದುರಿನ ಬಟ್ಟೆ ಸುತ್ತುವ ಮೊದಲು ಅದರ ಮೇಲೆ ಮೊರದಗಲದ ಒಂದು ಒದ್ದೆ ಹೆಜ್ಜೆ ಕಂಡಿತು. ಬೇರೆ ಆನೆಯದು, ಗೊತ್ತು. ಆದರೂ ಪಕ್ಕದವರ ಜೊತೆ ನಾನೂ ಬಗ್ಗಿ ನೋಡಿದೆ.