ಆಸ್ಪತ್ರೆಯ ನಿಯಮಾವಳಿಯಲ್ಲಿ ಇ-ಸಿಗರೇಟಿನ ಹೆಸರು ಏಕೆ ಇರಬೇಕು

ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಈ ವರ್ಷ ತಂಬಾಕು ನಿಷೇಧದ ನಿಯಮಾವಳಿಯನ್ನು ಪರಿಷ್ಕರಿಸುವ ಹೊಣೆ ಬಂದಿದೆ. ಹಳೆಯ ಪ್ರತಿಯಲ್ಲಿ ಬೀಡಿ, ಸಿಗರೇಟು, ಗುಟ್ಕಾ, ಉಗುಳುವಿಕೆ ಎಲ್ಲದರ ಪ್ರಸ್ತಾಪವೂ ಇತ್ತು. ಇ-ಸಿಗರೇಟಿನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಇಡೀ ದೇಶದಲ್ಲಿಯೇ ಅದು ನಿಷೇಧವಾಗಿರುವಾಗ ಆಸ್ಪತ್ರೆ ಮತ್ತೆ ಬೇರೆಯಾಗಿ ಬರೆಯುವ ಅಗತ್ಯವೇನು ಎಂದು ಸಹೋದ್ಯೋಗಿಗಳು ಕೇಳಿದರು. ಪ್ರಶ್ನೆ ಸಹಜವಾದದ್ದೇ. ಆದರೆ ಕಾನೂನನ್ನು ಓದಿದಾಗ ಬೇರೆಯೇ ಚಿತ್ರ ಕಾಣುತ್ತದೆ.

ಕರ್ನಾಟಕ ಸರ್ಕಾರ 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತ್ತು. ಅನಂತರ ಬಂದ ಕೇಂದ್ರದ 2019ರ ಕಾಯ್ದೆಯು ಅದರ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ದಾಸ್ತಾನು ಮತ್ತು ಜಾಹೀರಾತನ್ನು ನಿಷೇಧಿಸಿದೆ. ಮಾರುವವನಿಗೆ ಮೊದಲ ಅಪರಾಧಕ್ಕೆ 1 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸೇದುವುದು ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಇತ್ತ 2003ರ ತಂಬಾಕು ನಿಯಂತ್ರಣ ಕಾಯ್ದೆಯು ಆಸ್ಪತ್ರೆಯನ್ನು ಧೂಮಪಾನ ನಿಷೇಧವಿರುವ ಸಾರ್ವಜನಿಕ ಸ್ಥಳವೆಂದು ಹೇಳುತ್ತದೆಯಾದರೂ ಅದು ವಿವರಿಸುವುದು ತಂಬಾಕಿನ ಹೊಗೆಯನ್ನು. ತಂಬಾಕಿನ ಎಲೆಯೇ ಇಲ್ಲದೆ ನಿಕೋಟಿನ್ ದ್ರವವನ್ನು ಕಾಯಿಸುವ ಸಾಧನ ಅದರೊಳಗೆ ಸ್ಪಷ್ಟವಾಗಿ ಬರುವುದಿಲ್ಲ. ಈ ಎರಡು ಕಾಯ್ದೆಗಳ ನಡುವೆ ಉಳಿದ ಜಾಗವನ್ನು ಆಸ್ಪತ್ರೆಯ ಸ್ವಂತ ನಿಯಮವೇ ತುಂಬಬೇಕಾಗುತ್ತದೆ.

ಅಂತರ್ಜಾಲದಲ್ಲಿ ಸಿಗುವ ಇಂಗ್ಲೆಂಡಿನ ಆಸ್ಪತ್ರೆಗಳ ಮಾದರಿಗಳನ್ನು ನಕಲು ಮಾಡುವುದು ಸುಲಭ. ಅಲ್ಲಿ ಸಿಗರೇಟು ಬಿಡಿಸಲು ಇ-ಸಿಗರೇಟನ್ನು ಸಾಧನವಾಗಿ ಒಪ್ಪಿಕೊಂಡಿದ್ದಾರೆ. 2019ರಲ್ಲಿ ಬರ್ಮಿಂಗ್‌ಹ್ಯಾಂ ಪ್ರದೇಶದ ಎರಡು ಆಸ್ಪತ್ರೆಗಳ ಆವರಣದಲ್ಲಿ ಅದರ ಅಂಗಡಿಗಳನ್ನೇ ತೆರೆದಿದ್ದರು. ಸೇದುವವರಿಗೆ ಹೊರಗೆ ಪ್ರತ್ಯೇಕ ಜಾಗ ಕೊಡಿ ಎಂಬ ಅಲ್ಲಿನ ಸಾಲನ್ನು ನಾವು ಬರೆದುಕೊಂಡರೆ, ಕಾನೂನುಬದ್ಧವಾಗಿ ಕೊಳ್ಳಲೂ ಸಿಗದ ವಸ್ತುವಿಗೆ ನಾವೇ ಜಾಗ ಮಾಡಿಕೊಟ್ಟಂತಾಗುತ್ತದೆ. ಆದ್ದರಿಂದ ನಮ್ಮ ಕರಡಿನಲ್ಲಿ ಕಟ್ಟಡ, ಆವರಣ, ವಾಹನ ನಿಲ್ದಾಣ, ಹಾಸ್ಟೆಲು ಎಲ್ಲಿಯೂ ವಿನಾಯಿತಿ ಇಲ್ಲ, ಮತ್ತು ಅದು ವೈದ್ಯರಿಂದ ವಾರ್ಡ್ ಬಾಯ್‌ವರೆಗೆ ಎಲ್ಲರಿಗೂ ಒಂದೇ. ಹಾಸ್ಟೆಲನ್ನು ಸೇರಿಸಲೇಬೇಕೆಂದು ನಾನು ಹಟ ಹಿಡಿದೆ, ಏಕೆಂದರೆ ಈ ಭಾಗದಲ್ಲಿ ವಯಸ್ಸಾದವರ ಕೈಯಲ್ಲಿ ಇರುವುದು ಬೀಡಿಯೇ; ಪೆನ್‌ಡ್ರೈವಿನಂತೆ ಕಾಣುವ ಈ ಸಾಧನವನ್ನು ನಾನು ನೋಡಿರುವುದು ಓದುವ ಹುಡುಗರ ಬಳಿ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆಮ್ಲಜನಕದ ಅಪಾಯ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡಾ 21ರಷ್ಟಿರುತ್ತದೆ. ಮಾಸ್ಕ್ ಹಾಕಿದ ರೋಗಿಯ ಸುತ್ತ ಅದು ಹೆಚ್ಚಾಗಿ, ಹೊದಿಕೆಯಲ್ಲಿಯೂ ಬಟ್ಟೆಯಲ್ಲಿಯೂ ಸೇರಿಕೊಳ್ಳುತ್ತದೆ. ಇ-ಸಿಗರೇಟಿನಲ್ಲಿ ಬೆಂಕಿ ಇಲ್ಲ ಎಂದು ರೋಗಿಗಳು ಧೈರ್ಯದಿಂದ ಹೇಳುತ್ತಾರೆ, ಆದರೆ ಅದರೊಳಗೆ ಕಾಯುವ ತಂತಿಯ ಸುರುಳಿ ಇದೆ, ಲಿಥಿಯಂ ಬ್ಯಾಟರಿ ಇದೆ, ಮತ್ತು ಹೊದಿಕೆಯೊಳಗೆ ಮುಚ್ಚಿಟ್ಟುಕೊಂಡು ಸೇದಿದಾಗಲೇ ಅದು ಅತ್ಯಂತ ಅಪಾಯಕಾರಿ.

ಈ ಕಾರಣದಿಂದಲೇ ರೋಗಿಗಳ ಚೀಲ ತಪಾಸಣೆ ಮಾಡಿ ಕಿತ್ತುಕೊಳ್ಳಬೇಕೆಂಬ ಸಲಹೆಯನ್ನು ನಾನು ಒಪ್ಪಲಿಲ್ಲ. 2019ರ ಕಾಯ್ದೆಯಡಿ ಶೋಧಿಸುವ, ವಶಪಡಿಸಿಕೊಳ್ಳುವ ಅಧಿಕಾರ ಇರುವುದು ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಪೊಲೀಸ್ ಅಧಿಕಾರಿಯಂಥವರಿಗೆ, ನಮ್ಮ ಸೆಕ್ಯೂರಿಟಿಯವರಿಗಲ್ಲ. ಅದಕ್ಕಿಂತ ಮುಖ್ಯವಾಗಿ, ಕಿತ್ತುಕೊಳ್ಳುತ್ತಾರೆಂದು ಹೆದರಿದ ರೋಗಿ ಅದನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾನೆ. ಹಾಗಾಗಿ ದಾಖಲಾತಿಯ ಹೊತ್ತಿನಲ್ಲಿಯೇ ಸಿಸ್ಟರ್ ಕೇಳಬೇಕು ಎಂದು ಬರೆದಿದ್ದೇವೆ. "ತಮ್ಮಾ, ಬೀಡಿ, ಸಿಗರೇಟ್ ಏನರ ಸೇದತೀ? ಪೆನ್ನಿನಂಗ ಇರತದಲ್ಲ, ಆ ವೇಪ್?" ಎಂದು ನಮ್ಮ ಒಬ್ಬ ಹಿರಿಯ ಸಿಸ್ಟರ್ ಕೇಳುವ ರೀತಿ ಯಾವ ನಮೂನೆಗಿಂತಲೂ ಚೆನ್ನಾಗಿದೆ. ಸಾಧನ ಇದೆ ಎಂದರೆ ಅದನ್ನು ಜೊತೆಗಿರುವವರ ಕೈಗೆ ಕೊಟ್ಟು ಆವರಣದಿಂದ ಹೊರಗೆ ಕಳುಹಿಸುವುದು. ಲಾಕರಿನಲ್ಲಿ ಕೂಡಿಡುವುದು ಬೇಡ, ಏಕೆಂದರೆ ತಿಳಿದೂ ದಾಸ್ತಾನಿಗೆ ಅವಕಾಶ ಕೊಡುವುದು ಜಾಗದ ಒಡೆತನ ಇರುವವರಿಗೇ ಅಪರಾಧವಾಗುತ್ತದೆ.

ಉತ್ತರವನ್ನು ಕೇಸ್ ಶೀಟಿನಲ್ಲಿ ಬೀಡಿ-ಸಿಗರೇಟಿನಿಂದ ಬೇರ್ಪಡಿಸಿ ಬರೆಯುವುದು ಚಿಕಿತ್ಸೆಗೂ ಬೇಕು. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಔಷಧಿಯು ಬೀಡಿ ಸೇದುವವರ ದೇಹದಲ್ಲಿ ಬೇಗ ಕರಗಿಹೋಗುತ್ತದೆ. ಅದಕ್ಕೆ ಕಾರಣ ಸುಡುವ ಎಲೆಯ ಹೊಗೆಯೇ ಹೊರತು ನಿಕೋಟಿನ್ ಅಲ್ಲ. ಇನ್ನು ನಿಕೋಟಿನ್ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಗಾಯ ಮಾಯುವುದನ್ನು ತಡಮಾಡುವುದರಿಂದ, ಚರ್ಮ ಕಸಿ ಮಾಡುವ ಶಸ್ತ್ರಚಿಕಿತ್ಸಕರಿಗೆ ಇ-ಸಿಗರೇಟಿನ ವಿಷಯ ಮೊದಲೇ ತಿಳಿದಿರಬೇಕು. ಅಮೆರಿಕದಲ್ಲಿ 2019ರಲ್ಲಿ ಇ-ಸಿಗರೇಟು ಸೇದುವವರಲ್ಲಿ ಕಾಣಿಸಿಕೊಂಡ ಶ್ವಾಸಕೋಶದ ತೀವ್ರ ಹಾನಿಯಿಂದ 2020ರ ಫೆಬ್ರುವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿ 68 ಮಂದಿ ಸತ್ತಿದ್ದರು. ಗಾಂಜಾ ಅಂಶವಿದ್ದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅದಕ್ಕೆ ಮುಖ್ಯ ಕಾರಣವೆಂದು ಕಂಡುಬಂದಿತು. ಕೆಮ್ಮು, ಜ್ವರ, ಉಸಿರಾಟದ ತೊಂದರೆ ಇರುವ ಯುವಕನನ್ನು ಬರೀ ನ್ಯುಮೋನಿಯಾ ಎಂದು ನೋಡುವ ವೈದ್ಯರಿಗೆ ಈ ಒಂದು ಪ್ರಶ್ನೆ ನೆರವಾದೀತು.

ಸೇದಬೇಡ ಎಂದಮೇಲೆ ಚಡಪಡಿಕೆಗೆ ಔಷಧಿ ಕೊಡುವುದೂ ನಮ್ಮದೇ ಹೊಣೆ. ಅಂಥವರಿಗೆ ವೈದ್ಯರು ನಿಕೋಟಿನ್ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಯನ್ನು ಪರಿಗಣಿಸಬೇಕೆಂದು, ಬಿಡುಗಡೆಯ ಚೀಟಿಯಲ್ಲಿ 1800-11-2356 ಎಂಬ ರಾಷ್ಟ್ರೀಯ ಶುಲ್ಕರಹಿತ ಸಹಾಯವಾಣಿಯ ಸಂಖ್ಯೆ ಇರಬೇಕೆಂದು ಸೇರಿಸಿದ್ದೇವೆ.

ಫಲಕದ ಕೆಲಸ ಇನ್ನೂ ಬಾಕಿ ಇದೆ. 2008ರ ನಿಯಮದಂತೆ ಪ್ರವೇಶದ್ವಾರದಲ್ಲಿ 60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಧೂಮಪಾನ ನಿಷೇಧದ ಫಲಕಗಳು ಈಗಾಗಲೇ ಇವೆ. ಅವುಗಳ ಪಕ್ಕದಲ್ಲಿ ಇ-ಸಿಗರೇಟಿನ ಚಿತ್ರವಿರುವ ಇನ್ನೊಂದು ಫಲಕವನ್ನು ಕನ್ನಡ ಮತ್ತು ಉರ್ದುವಿನಲ್ಲಿ ಬರೆಸಲು ಕೊಟ್ಟಿದ್ದೇವೆ. ತಾಂಡೂರಿನ ಕಡೆಯಿಂದ ಬರುವವರಿಗಾಗಿ ತೆಲುಗಿನಲ್ಲಿಯೂ ಇರಲಿ ಎಂದು ಹೊರರೋಗಿ ವಿಭಾಗದವರು ಕೇಳಿದ್ದಾರೆ, ಅದನ್ನೂ ಸೇರಿಸುತ್ತಿದ್ದೇವೆ. ಬಿಟ್ಟುಹೋದ ಸಾಧನಗಳು ಬ್ಯಾಟರಿ ಇರುವ ವಸ್ತುಗಳಾದ್ದರಿಂದ ಅವು ಸುಡಲು ಹೋಗುವ ಹಳದಿ ಚೀಲಕ್ಕೆ ಬೀಳಕೂಡದೆಂದು ಹೌಸ್‌ಕೀಪಿಂಗ್ ಸಿಬ್ಬಂದಿಯ ಮುಂದಿನ ತರಬೇತಿಯಲ್ಲಿ ತೋರಿಸಿಕೊಡಲಿದ್ದೇವೆ.