ಅಜ್ಜಿ ಊರಿಗೆ ಹೋಗಿ ಎರಡು ತಿಂಗಳಾಗಿತ್ತು

ಒಂದು ಮಂಗಳವಾರ ಮಧ್ಯಾಹ್ನ ನನ್ನ ಡೇಕೇರಿನಲ್ಲಿ ಎರಡು ವರ್ಷದ ಮಗುವೊಂದು ನಿದ್ದೆಯಿಂದ ಅಳುತ್ತಾ ಎದ್ದಿತು. ಮುಟ್ಟಿದರೆ ಮೈ ಕೆಂಡ. ಥರ್ಮಾಮೀಟರ್ 102.4 ತೋರಿಸಿತು. ಮಗುವಿನ ಅಮ್ಮನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅಪ್ಪನ ನಂಬರಿಗೆ ಮಾಡಿದರೆ ಬೇರೆ ಯಾರೋ ಎತ್ತಿದರು. ಮಗುವಿನ ಎಮರ್ಜೆನ್ಸಿ ಕಾರ್ಡಿನಲ್ಲಿ ಮೂರನೆಯದು ಅಜ್ಜಿಯ ನಂಬರ್. ಅದು ರಿಂಗೇ ಆಗಲಿಲ್ಲ. ಆಗ ನೆನಪಾಯಿತು, ಅಜ್ಜಿ ದಾವಣಗೆರೆಗೆ ವಾಪಸ್ ಹೋಗಿ ಎರಡು ತಿಂಗಳಾಗಿತ್ತು.

ನಲವತ್ತು ನಿಮಿಷ ಆ ಮಗು ನನ್ನ ಹೆಗಲ ಮೇಲೆ ಬಿಸಿ ಉಸಿರು ಬಿಡುತ್ತಾ ಮಲಗಿತ್ತು. ಆಮೇಲೆ ಅಮ್ಮ ಮೀಟಿಂಗ್ ಮುಗಿಸಿ ಫೋನ್ ಮಾಡಿದರು. ಕಿವಿ ಸೋಂಕು, ನಾಲ್ಕು ದಿನಕ್ಕೆ ವಾಸಿಯಾಯಿತು. ಆದರೆ ಆ ನಲವತ್ತು ನಿಮಿಷ ನನ್ನ ಮನಸ್ಸಿನಿಂದ ಹೋಗಿಲ್ಲ. ಕಾರ್ಡ್ ಇತ್ತು, ಸಹಿ ಇತ್ತು, ಮೂರು ನಂಬರ್ ಇದ್ದವು.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ, ನಮ್ಮ ಮನೆಯಲ್ಲೇ ನಾನು ಡೇಕೇರ್ ನಡೆಸುತ್ತೇನೆ. ಈಗ ಆರು ಮಕ್ಕಳಿದ್ದಾರೆ. ಸೇರುವಾಗ ಪ್ರತಿ ಮಗುವಿಗೂ ಒಂದು ಫೈಲ್. ಎಲ್‌ಐಸಿ 700 ಅನ್ನುವ ಎಮರ್ಜೆನ್ಸಿ ಕಾರ್ಡ್ ಅದರಲ್ಲಿ ಮೊದಲನೆಯದು. ಹೆಸರು ಕೇಳಿ ಇನ್ಶೂರೆನ್ಸ್ ಅಂದ್ಕೋಬೇಡಿ, ಇಲ್ಲಿ ಡೇಕೇರ್‌ಗಳಿಗೆ ಲೈಸೆನ್ಸ್ ಕೊಡುವವರ ಫಾರಂ ನಂಬರುಗಳು ಹಾಗೇ ಶುರುವಾಗುತ್ತವೆ. ಡಾಕ್ಟರ್ ಯಾರು, ಮಗುವನ್ನು ಯಾರ ಕೈಗೆ ಕೊಡಬಹುದು ಅನ್ನುವುದೆಲ್ಲ ಅದರಲ್ಲೇ. ತುರ್ತು ಚಿಕಿತ್ಸೆಗೆ ಒಪ್ಪಿಗೆ ಕೊಡಲು 627 ಅಂತ ಇನ್ನೊಂದು ಫಾರಂ. ಮತ್ತೆ ಲಸಿಕೆಯ ದಾಖಲೆ. ಹತ್ತು ತಿಂಗಳಿಗೆ ಸೇರಿದ ಮಗುವಿನ ಫೈಲಿನಲ್ಲಿ ದಡಾರ, ಮಂಗಬಾವು, ರುಬೆಲ್ಲಾಕ್ಕೆ ಹಾಕಿಸುವ ಎಂಎಂಆರ್ ಲಸಿಕೆ ಇರುವುದಿಲ್ಲ, ಅದನ್ನು ಹಾಕಿಸುವುದೇ ವರ್ಷ ತುಂಬಿದ ಮೇಲೆ. ಆ ದಿನಾಂಕವನ್ನು ಬೆನ್ನು ಹತ್ತಿ ಕೇಳಬೇಕು.

ಊಟದ ಲೆಕ್ಕ ಬೇರೆ. ಫೆಡರಲ್ ಸರ್ಕಾರದ ಆಹಾರ ಯೋಜನೆಯಿಂದ ದಿನಕ್ಕೆ ಒಂದು ಮಗುವಿಗೆ ಹೆಚ್ಚೆಂದರೆ ಎರಡು ಊಟ, ಒಂದು ತಿಂಡಿಗೆ ದುಡ್ಡು ಬರುತ್ತದೆ. ಅದಕ್ಕೆ ಅಪ್ಪ ಅಥವಾ ಅಮ್ಮ ವರ್ಷಕ್ಕೊಮ್ಮೆ ಹೊಸದಾಗಿ ಸಹಿ ಮಾಡಬೇಕು. ಮಗು ಯಾವ ದಿನ ಬರುತ್ತದೆ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಯಾವ್ಯಾವ ಊಟ-ತಿಂಡಿ ತಿನ್ನುತ್ತದೆ, ಎಲ್ಲ ಬರೆಯಬೇಕು. ಹೋದ ವರ್ಷ ಒಂದು ಮಗು ಮೂರಕ್ಕೆ ಹೋಗುತ್ತಿದ್ದದ್ದು ಆರರವರೆಗೆ ಇರತೊಡಗಿತು. ದಿನಾ ಸಂಜೆ ಅವಲಕ್ಕಿಯೋ ಬಾಳೆಹಣ್ಣೋ ಕೊಟ್ಟೆ. ಫಾರಂ ಬದಲಿಸಿರಲಿಲ್ಲ. ಹೇಳದೆ ಕೇಳದೆ ಪರಿಶೀಲನೆಗೆ ಬಂದವರು ಫಾರಂ ಮತ್ತು ಮಗು ಬಂದು ಹೋಗುವ ಹೊತ್ತು ಬರೆಯುವ ಸೈನ್-ಇನ್ ಶೀಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡೂ ಹೊಂದುವುದಿಲ್ಲವಲ್ಲ ಅಂತ ಅವರು ಕೇಳಿದ್ದು ಸರಿಯೇ ಇತ್ತು.

ಆದರೆ ವರ್ಷಕ್ಕೊಮ್ಮೆ ಅನ್ನುವುದು ನಮ್ಮವರ ಮನೆಗಳಿಗೆ ಸಾಲದು. ಅಜ್ಜಿ-ತಾತ ಬರುವುದು ವಿಸಿಟರ್ ವೀಸಾದಲ್ಲಿ, ಸಾಮಾನ್ಯವಾಗಿ ಆರು ತಿಂಗಳು ಇರುತ್ತಾರೆ. ಬಂದ ವಾರವೇ ಅವರ ಹೆಸರು ಕಾರ್ಡಿಗೆ ಸೇರುತ್ತದೆ. ಹೋದಾಗ ತೆಗೆಯುವುದು ಯಾರಿಗೂ ನೆನಪಿರುವುದಿಲ್ಲ, ಅವರ ಇಲ್ಲಿನ ಸಿಮ್ಮೂ ಬಂದಾಗಿರುತ್ತದೆ. ಅದಕ್ಕೇ ಈಗ ಹೆಸರು ಬರೆಸುವಾಗಲೇ ರಿಟರ್ನ್ ಟಿಕೆಟ್ ಯಾವತ್ತು ಅಂತ ಕೇಳುತ್ತೇನೆ. ಅದನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ, ಹಾಲಿನ ಲೆಕ್ಕದ ಪಕ್ಕದಲ್ಲೇ.

ಇನ್ನೊಂದು ರೂಢಿ ಮಾಡಿಕೊಂಡಿದ್ದೇನೆ. ತಿಂಗಳ ಮೊದಲ ಸೋಮವಾರ, ಮಗುವನ್ನು ಕರೆದುಕೊಂಡು ಹೋಗಲು ಬಂದವರ ಎದುರಿಗೇ ಕಾರ್ಡ್ ನೋಡಿ ಅವರ ನಂಬರ್ ಒತ್ತುತ್ತೇನೆ. ಅವರ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳಬೇಕು. "ಅಕ್ಕಾ, ಹೊಸ ನಂಬರ್ ವಾಟ್ಸಾಪ್‌ನಲ್ಲಿ ಹೇಳಿದ್ನಲ್ವಾ" ಅನ್ನುತ್ತಾರೆ ಕೆಲವರು. ಹೌದು, ಹೇಳಿರುತ್ತಾರೆ. ಆದರೆ ನಾನು ಮಗುವನ್ನು ಎತ್ತಿಕೊಂಡಿರುವಾಗ ನನ್ನ ಸಹಾಯಕಿ ತೆಗೆಯುವುದು ಫೈಲು, ನನ್ನ ವಾಟ್ಸಾಪ್ ಅಲ್ಲ ತಾನೇ?

ಹೋದ ವಾರ ಇನ್ನೊಬ್ಬ ಅಜ್ಜಿ ಊರಿಗೆ ಹೊರಟರು. ಹಿಂದಿನ ದಿನ ಮೊಮ್ಮಗಳ ಜೊತೆ ಬಂದು ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕೊಟ್ಟರು. ಮೇಜಿನ ಮೇಲೆ ಹೊಸ ಕಾರ್ಡ್ ನೋಡಿ, "ನನ್ನ ಹೆಸರು ತೆಗೆದುಬಿಟ್ರಾ?" ಅಂದರು. ಮುಂದಿನ ಸಲ ನೀವು ಬಂದ ದಿನವೇ ಬರೀತೀನಮ್ಮಾ ಅಂದೆ. ಆ ಜಾಗದಲ್ಲಿ ಈಗ ಅವರ ಪಕ್ಕದ ಅಪಾರ್ಟ್‌ಮೆಂಟಿನವರ ಹೆಸರಿದೆ. ಅಜ್ಜಿ ಅಲ್ಲಿ ಕೂತಿರುವಾಗಲೇ ಆ ನಂಬರಿಗೆ ಒಮ್ಮೆ ಫೋನ್ ಮಾಡಿದೆ. ಎರಡನೇ ರಿಂಗಿಗೆ ಎತ್ತಿದರು.